ಗ್ಲಾಸ್ಟರ್‌ಶೈರಿನಲ್ಲಿ ಬಸವಣ್ಣ

ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ ಮೋರ್ಟನ್-ಇನ್-ಮಾರ್ಷ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಸೀಜಿನ್‌ಕೋಟ್ ಎಂಬ ಹಳೆಯ ಎಸ್ಟೇಟಿಗೆ ನಡೆದೇ ಹೊರಟೆ. ದಾರಿಯುದ್ದಕ್ಕೂ ಕುರಿಗಳು, ಓಕ್ ಮರಗಳು. ಸೀಜಿನ್‌ಕೋಟ್ ಎಂದರೂ ಓಕ್ ಮರಗಳ ನಡುವಿನ ಮನೆ ಎಂದೇ ಅರ್ಥವಂತೆ. ತಿರುವು ದಾಟಿದ್ದೇ ತಡ, ಹಸಿರುಗಟ್ಟಿದ ತಾಮ್ರದ ಗುಮ್ಮಟ ಕಂಡಿತು. ಕ್ಷಣಕಾಲ ಆಗ್ರಾದ ನೆನಪಾಗಿ ಅಲ್ಲೇ ನಿಂತುಬಿಟ್ಟೆ.

ಈ ಎಸ್ಟೇಟನ್ನು 1795ರಲ್ಲಿ ಕೊಂಡವನು ಭಾರತದಿಂದ ಮರಳಿದ್ದ ಕರ್ನಲ್ ಜಾನ್ ಕಾಕರೆಲ್. ಮೂರೇ ವರ್ಷಕ್ಕೆ ಅವನು ತೀರಿಕೊಂಡ. ಆಸ್ತಿ ಕೊನೆಗೆ ತಮ್ಮ ಚಾರ್ಲ್ಸ್‌ನ ಕೈಸೇರಿತು. ಚಾರ್ಲ್ಸ್ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲೂ ಕಲ್ಕತ್ತೆಯ ಲೇವಾದೇವಿಯಲ್ಲೂ ಚೆನ್ನಾಗಿ ಗಳಿಸಿದ್ದವನು. ಹೀಗೆ ದುಡ್ಡು ಮಾಡಿಕೊಂಡು ಬಂದವರನ್ನು ಇಂಗ್ಲಿಷರು ‘ನಬಾಬ್’ ಎನ್ನುತ್ತಿದ್ದರು. ನಮ್ಮ ನವಾಬನೇ ಅದು. 1805ರ ಸುಮಾರಿಗೆ ಮನೆ ಕಟ್ಟಲು ನಕ್ಷೆ ಹಾಕಿಕೊಟ್ಟವನು ಇನ್ನೊಬ್ಬ ಸೋದರ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್. ಹೊರಗೆಲ್ಲ ಮುಂಚಾಚಿದ ಛಜ್ಜ, ಪುಟ್ಟ ಗುಮ್ಮಟದಂಥ ಛತ್ರಿ, ನವಿಲುಗರಿಯಂತೆ ಬಿಚ್ಚಿಕೊಂಡ ಕಮಾನು. ಒಳಗೆ ಕಾಲಿಟ್ಟರೆ ಮಾತ್ರ ಅಪ್ಪಟ ಯುರೋಪಿನ ಕೋಣೆಗಳು. ಭಾರತವನ್ನು ಹೊಸ್ತಿಲಿನಿಂದಾಚೆಗೇ ನಿಲ್ಲಿಸಿದ್ದಾರೆ ಎನಿಸಿ ಮನಸ್ಸಿಗೆ ಚುಚ್ಚಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ತೋಟ. ಇದರ ಯೋಜನೆಗೆ ನೆರವಾದವನು ಚಿತ್ರಕಾರ ಥಾಮಸ್ ಡೇನಿಯಲ್. ಸೋದರನ ಮಗ ವಿಲಿಯಮ್ ಜೊತೆ 1792ರಲ್ಲಿ ಬೆಂಗಳೂರಿನ ಕಡೆಗೂ ಬಂದು, ಮೈಸೂರು ಸೀಮೆಯ ಕೋಟೆಗಳನ್ನು ಬರೆದುಕೊಂಡು ಹೋಗಿದ್ದವನು. ಮೇಲ್ಗಡೆ ಕೊಳದ ದಂಡೆಯಲ್ಲಿ ಸೂರ್ಯನ ಗುಡಿ. ಕೆಳಗೆ ತೊರೆಗೆ ಅಡ್ಡವಾಗಿ ಒಂದು ಸೇತುವೆ, ಅದರ ಕಂಬಗಳು ಎಲಿಫೆಂಟಾ ಗುಹೆಯ ಕಂಬಗಳಂತಿವೆ. ಸೇತುವೆಯ ಮೇಲೆ, ಕಾಲು ಮಡಚಿ ಕೂತ ನಮ್ಮ ಬಸವಣ್ಣ! ಹತ್ತಿರ ಹೋಗಿ ಬೆನ್ನು ಸವರಿದೆ. ಮಳೆಯಲ್ಲಿ ನೆಂದು ತಣ್ಣಗಿತ್ತು. ಬಸವನಗುಡಿಯಲ್ಲಿ ಕಂಡ, ಬೆಣ್ಣೆ ಬಳಿಸಿಕೊಂಡು ಹೂವಿನ ಹಾರ ಹೊತ್ತ ದೊಡ್ಡ ಬಸವ ನೆನಪಾದ. ಇವನ ಎದುರಿಗೆ ಲಿಂಗವಿಲ್ಲ, ಕೊರಳಲ್ಲಿ ಹಾರವಿಲ್ಲ, ಕಡಲೆಕಾಯಿ ಪರಿಷೆಯೂ ಇಲ್ಲ. ಇನ್ನೂರು ವರ್ಷಗಳಿಂದ ಈ ತೋಟಕ್ಕೆ ಅವನು ಬರೀ ಅಲಂಕಾರ. ಸ್ವಲ್ಪ ಹೊತ್ತು ಅವನ ಪಕ್ಕದಲ್ಲೇ ನಿಂತಿದ್ದೆ.

ಮುಂದೆ ದೊರೆಯಾದ ನಾಲ್ಕನೇ ಜಾರ್ಜ್, ಯುವರಾಜನಾಗಿದ್ದಾಗ 1807ರಲ್ಲಿ ಇಲ್ಲಿಗೆ ಬಂದು ಈ ಮನೆಗೆ ಮನಸೋತ. ಬ್ರೈಟನ್ನಿನ ಅವನ ಅರಮನೆಗೆ ಗುಮ್ಮಟಗಳೆದ್ದದ್ದು ಆಮೇಲೆ. ಬ್ರೈಟನ್ ನೋಡಲು ಹೋಗುವ ಕನ್ನಡಿಗರು ನೂರಾರು. ಅವರಲ್ಲಿ ನನ್ನದೊಂದು ವಿನಂತಿ: ಸೀಜಿನ್‌ಕೋಟ್‌ಗೂ ಒಂದು ದಿನ ಇಟ್ಟುಕೊಳ್ಳಿ. ತೋಟ ತೆರೆದಿರುವ ದಿನ ಯಾವುದೆಂದು ವಿಚಾರಿಸಿಕೊಂಡು ಹೋಗಿ, ಮೊದಲು ಆ ಸೇತುವೆಗೆ ನಡೆಯಿರಿ.