ತೊಗಲಿನ ಲೆಕ್ಕ

ಬಿ.ಎ.ಗೆ ನಾವು ಓದಿದ ಚರಿತ್ರೆಯಲ್ಲಿ 'ಅಮೆರಿಕದ ಪಶ್ಚಿಮ ವಿಸ್ತರಣೆ' ಅಂತ ಒಂದು ಪಾಠವಿತ್ತು. ಹತ್ತು ಅಂಕದ ಪ್ರಶ್ನೆ. 1803ರಲ್ಲಿ ಒಂದೂವರೆ ಕೋಟಿ ಡಾಲರಿಗೆ ಫ್ರಾನ್ಸಿನಿಂದ ಲೂಸಿಯಾನ ಕೊಂಡರು, 1862ರಲ್ಲಿ ಜಮೀನು ಹಂಚಿದರು, 1869ರಲ್ಲಿ ಪೂರ್ವದ ರೈಲು ಕ್ಯಾಲಿಫೋರ್ನಿಯಾ ಮುಟ್ಟಿತು. ಬರೆದೆವು, ಅಂಕ ಬಂತು. ಕೊಂಡ ನೆಲದ ಮೇಲೆ ಆಗಲೇ ಜನ ಇದ್ದರಲ್ಲ, ಅವರನ್ನು ಯಾರು ಕೇಳಿದರು ಅಂತ ಮೇಷ್ಟ್ರು ಹೇಳಲಿಲ್ಲ, ಪುಸ್ತಕವೂ ಹೇಳಲಿಲ್ಲ.

ನಮ್ಮ ಕೇರಿಯವರಿಗೆ ಈ ಚರಿತ್ರೆ ಅರ್ಥವಾಗೋದು ತೊಗಲಿನಿಂದ. ಸತ್ತ ದನ ಹೊತ್ತು, ಸುಲಿದು, ಸುಣ್ಣದಲ್ಲಿ ನೆನೆಹಾಕಿ, ತಂಗಡಿ ಚಕ್ಕೆಯಲ್ಲಿ ಹದ ಮಾಡಿದವರ ಮಕ್ಕಳು ನಾವು. ಒಂದು ತೊಗಲಿನ ಹಿಂದೆ ಎಷ್ಟು ದಿನದ ಬೆವರಿದೆ ಅಂತ ಗೊತ್ತು. ಅಲ್ಲಿನ ಬಯಲುಸೀಮೆಯಲ್ಲಿ ಬೈಸನ್ ಅನ್ನೋ ಕಾಡುದನ ಕೋಟಿಗಟ್ಟಲೆ ಇದ್ದವು. ಲಕೋಟ, ಕೊಮಾಂಚಿ ಜನಕ್ಕೆ ಅದರ ಮಾಂಸವೇ ಊಟ, ತೊಗಲೇ ಗುಡಾರ, ನರವೇ ಹೊಲಿಗೆ ದಾರ. 1871ರ ಸುಮಾರಿಗೆ ಆ ತೊಗಲನ್ನು ಕಾರ್ಖಾನೆಯಲ್ಲಿ ಹದ ಮಾಡೋ ದಾರಿ ಸಿಕ್ಕಿತು. ಯಂತ್ರ ತಿರುಗಿಸೋ ಬೆಲ್ಟಿಗೆ ತೊಗಲು ಬೇಕು, ಸಾಗಿಸೋಕೆ ರೈಲು ಬಂದಿದೆ. ಬಂದೂಕದವರು ಇಳಿದರು. ತೊಗಲು ಸುಲಿದುಕೊಂಡು ಮಾಂಸವನ್ನು ಬಯಲಲ್ಲೇ ಕೊಳೆಯೋಕೆ ಬಿಟ್ಟರು. ಸತ್ತ ದನ ತಿಂದದ್ದಕ್ಕೆ ಊರಾಚೆ ಇರಿಸಿಕೊಂಡವರ ಮಕ್ಕಳಾದ ನಾವು ಇದನ್ನು ಓದಿ, ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

1880ರ ದಶಕ ಮುಗಿಯೋ ಹೊತ್ತಿಗೆ ಉಳಿದಿದ್ದವು ಸಾವಿರದ ಆಸುಪಾಸು. ಬಿದ್ದ ಮೂಳೆ ಕೂಡ ಗೊಬ್ಬರಕ್ಕೆ ಅಂತ ರೈಲು ಹತ್ತಿತು. ಹಸಿದ ಜನ ಸರ್ಕಾರದ ರೇಷನ್ನಿಗೆ ಕೈಯೊಡ್ಡಿ 'ರಿಸರ್ವೇಶನ್'ಗೆ ಬಂದರು. ಇದು ನಮ್ಮ ಮೀಸಲಾತಿ ಅಲ್ಲ ಮಾರಾಯರೇ, ಜನರನ್ನು ಕೂಡಿಹಾಕೋ ಜಾಗ.

ನೆಲದ ಕತೆ? ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಕೊಡ್ತಿತ್ತು. ಯೂರೋಪಿನಿಂದ ಬರಿಗೈಲಿ ಬಂದವನೂ ಐದು ವರ್ಷ ಅಲ್ಲೇ ಇದ್ದು, ಉತ್ತು, ಒಡೆಯನಾದ. ಬಡವನಿಗೆ ನೆಲ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಯಾರ ನೆಲ ಅನ್ನೋದಷ್ಟೇ ನಮ್ಮ ಪ್ರಶ್ನೆ. 1887ರ ಡಾಸ್ ಕಾಯ್ದೆ ಬುಡಕಟ್ಟುಗಳ ಒಟ್ಟು ನೆಲವನ್ನು ತುಂಡು ಮಾಡಿ ಹಂಚಿ, ಮಿಕ್ಕದ್ದನ್ನು 'ಹೆಚ್ಚುವರಿ' ಅಂತ ಮಾರಿಸಿತು. ಆಗ ಅವರ ಕೈಲಿದ್ದದ್ದು ಸುಮಾರು 13.8 ಕೋಟಿ ಎಕರೆ. 1934ಕ್ಕೆ ಉಳಿದದ್ದು 4.8 ಕೋಟಿ.

ಇನ್ನೊಂದು ಸಂಗತಿ ನಮ್ಮನ್ನು ಬಿಟ್ಟೇ ಇಲ್ಲ. ಇದಕ್ಕೂ ಮುಂಚೆ, 1838-39ರಲ್ಲಿ, ಚೆರೊಕೀ ಜನರನ್ನು ಜಾರ್ಜಿಯಾ ಸೀಮೆಯಿಂದ ಸೈನಿಕರು ಪಶ್ಚಿಮಕ್ಕೆ ಅಟ್ಟಿದರು. ಸುಮಾರು 16 ಸಾವಿರ ಜನ. ಶಿಬಿರದಲ್ಲಿ, ದಾರಿಯಲ್ಲಿ 4 ಸಾವಿರ ಸತ್ತರು ಅಂತ ಅಂದಾಜು. ದಕ್ಷಿಣದಲ್ಲಿ ಹೀಗೆ ತೆರವಾದ ನೆಲದಲ್ಲಿ ಹತ್ತಿ ಬೆಳೆಯಿತು, ಬಿಡಿಸೋಕೆ ಕಪ್ಪು ಗುಲಾಮರು ಬಂದರು. ಆದರೆ ಅಟ್ಟಿಸಿಕೊಂಡು ಹೊರಟ ಆ ಚೆರೊಕೀಗಳ ಜೊತೆಯಲ್ಲೇ, ಅವರಲ್ಲಿನ ಸಿರಿವಂತರು ಕೊಂಡಿಟ್ಟುಕೊಂಡಿದ್ದ ಕಪ್ಪು ಗುಲಾಮರೂ ನಡೆದರು. ನೊಂದವರಿಗೂ ಒಂದು ಕೇರಿ ಇತ್ತು.

1866ರ ಒಪ್ಪಂದ ಆ ಗುಲಾಮರಿಗೂ ಚೆರೊಕೀ ಪ್ರಜೆಗಳ ಹಕ್ಕು ಕೊಟ್ಟಿತು. 2007ರಲ್ಲಿ ರಕ್ತದ ಪುರಾವೆ ಬೇಕು ಅಂತ ಮತ ಹಾಕಿ ಅವರ ವಂಶದವರನ್ನು ಹೊರಗಿಟ್ಟರು. 2017ರಲ್ಲಿ ಅಮೆರಿಕದ ಕೋರ್ಟು ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಚೆರೊಕೀಗಳ ಸ್ವಂತ ಸುಪ್ರೀಂ ಕೋರ್ಟೇ ತಮ್ಮ ಸಂವಿಧಾನದಿಂದ 'ರಕ್ತ' ಅನ್ನೋ ಷರತ್ತನ್ನು ಕಿತ್ತುಹಾಕಿತು. ಆ ನಡಿಗೆ ಮುಗಿದು ಅಷ್ಟರಲ್ಲಿ 182 ವರ್ಷ ಆಗಿತ್ತು.