ಎಪ್ಪತ್ತೆರಡು ಪೈಂಟಿನ ಪೀಪಾಯಿ

ಇಂಗ್ಲೆಂಡಿನವರು ಬಿಯರನ್ನ ಬೆಚ್ಚಗೆ ಕುಡೀತಾರೆ ಅನ್ನೋದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಜೋಕು. ಬಾಟಲಿಯ ಮೈಮೇಲೆ ಹನಿ ಕೂತಿರದಿದ್ದರೆ ವಾಪಸ್ ಕಳಿಸೋ ಜನ ನಾವು. ಮ್ಯಾಂಚೆಸ್ಟರಿಗೆ ಬಂದು ಎರಡು ವರ್ಷವಾದರೂ ನನ್ನದು ಆಫೀಸಿನ ಕೆಳಗಿನ ಬಾರಿನ ತಣ್ಣನೆಯ ಲಾಗರೇ ಆಗಿತ್ತು.

ಹೋದ ನವೆಂಬರಿನಲ್ಲಿ ಒಂದು ಮಂಗಳವಾರ ರಜಾ ಹಾಕಿ ಪೀಕ್ ಡಿಸ್ಟ್ರಿಕ್ಟಿಗೆ ಹೋದೆ. ಈಡೇಲ್‌ನಲ್ಲಿ ರೈಲು ಇಳಿದು, ಮ್ಯಾಮ್ ಟಾರ್ ಗುಡ್ಡ ಹತ್ತಿಳಿದು, ಕ್ಯಾಸಲ್ಟನ್ ದಾಟಿ ನಡೀತಾ ಹೋದರೆ ಮಳೆ ಶುರುವಾಯ್ತು. ಮುಂದೆ ಸಿಕ್ಕಿದ ಹಳ್ಳಿಯಲ್ಲಿ ಇದ್ದದ್ದು ಒಂದೇ ಪಬ್ಬು. ಹೆಸರು ಬೇಡ ಬಿಡಿ. ಒಳಗೆ ಕಲ್ಲಿನ ನೆಲ, ಉರಿಯುವ ಒಲೆ, ಒಬ್ಬ ಅಜ್ಜ, ಅಜ್ಜನ ಕಾಲ ಹತ್ತಿರ ಒದ್ದೆ ನಾಯಿ. ಅಷ್ಟೇ ಗಿರಾಕಿಗಳು.

"ಏನ್ ಕೊಡ್ಲಿ, ಡಕ್?" ಅಂದರು ಒಡತಿ. ಡರ್ಬಿಶೈರಿನ ಕಡೆ ಎಲ್ಲರೂ 'ಡಕ್ಕೇ', ಗಾಬರಿಯಾಗಬೇಡಿ. ಕೌಂಟರಿನ ಮೇಲೆ ಮೂರು ಹಿಡಿಕೆಯ ಕೈಪಂಪುಗಳು. ಎರಡರ ಫಲಕ ಹಿಂದುಮುಂದಾಗಿ ತಿರುಗಿತ್ತು. ಆ ಬಿಯರ್ ಇಲ್ಲ ಅಂತ ಅರ್ಥ. ಉಳಿದದ್ದು ಒಂದು ಬಿಟರ್. ನಾನು ಅನುಮಾನಿಸಿದ್ದು ನೋಡಿ ಪುಟ್ಟ ಗ್ಲಾಸಿಗೆ ಒಂದು ಗುಟುಕು ಹಾಕಿ ಕೊಟ್ಟರು.

ಬೆಚ್ಚಗೇನೂ ಇಲ್ಲ ಮಾರಾಯ್ರೆ. ನೆಲಮಾಳಿಗೆಯ 11ರಿಂದ 13 ಡಿಗ್ರಿ, ಅಂದರೆ ಡಿಸೆಂಬರಿನಲ್ಲಿ ಬೆಂಗಳೂರಿಗೆ ತೀರಾ ಚಳಿ ಬಿದ್ದ ದಿನದ ಬೆಳಗಿನ ಜಾವದ ಹಾಗೆ. ಮೂಗಿಗೆ ಹೊಡೆಯುವ ಗ್ಯಾಸಿಲ್ಲ. ಕಿತ್ತಳೆ ಸಿಪ್ಪೆ ಚಿವುಟಿದಾಗ ಬರೋ ಘಮ, ಹುರಿದ ಧಾನ್ಯದ ಸಣ್ಣ ಸಿಹಿ, ಕೊನೆಗೆ ಮೆಂತ್ಯದ ಹಾಗೆ ನಾಲಿಗೆಯ ಹಿಂದೆ ಉಳಿಯೋ ಕಹಿ. ಐಸಿನಷ್ಟು ತಣ್ಣಗಿದ್ದರೆ ಇದ್ಯಾವುದೂ ಗೊತ್ತಾಗ್ತಿರಲಿಲ್ಲ. ಪೂರ್ತಿ ಪೈಂಟ್ ಹೇಳಿದೆ, 568 ಮಿಲಿಲೀಟರ್.

ಇದನ್ನ ರಿಯಲ್ ಏಲ್ ಅಂತಾರೆ. ಆ ಹೆಸರನ್ನ ಊರೆಲ್ಲ ಹರಡಿದ್ದು ಕ್ಯಾಮ್ರಾ ಅನ್ನೋ ಸಂಘ. 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋಗಿದ್ದ ನಾಲ್ವರು ಗೆಳೆಯರು ಕಟ್ಟಿದ್ದು. ಈ ಬಿಯರನ್ನ ಸೋಸಿ, ಕಾಯಿಸಿ ಯೀಸ್ಟನ್ನ ಸಾಯಿಸಿರೋದಿಲ್ಲ. ಪೀಪಾಯಿ ಪಬ್ಬಿಗೆ ಬಂದ ಮೇಲೂ ಒಳಗೆ ಹುದುಗ್ತಾನೇ ಇರುತ್ತೆ. ಮಲಗಿಸಿಟ್ಟು, ಮೇಲಿನ ತೂತಿಗೆ ಸಣ್ಣ ಮರದ ಗೂಟ ಬಡಿದು ಗ್ಯಾಸನ್ನ ಮೆಲ್ಲಗೆ ಬಿಡಬೇಕು, ಮಡ್ಡಿ ಕೆಳಗಿಳಿಯೋ ತನಕ ಕಾಯಬೇಕು. (ಸಸ್ಯಾಹಾರಿಗಳು ಕೇಳಿಕೊಂಡು ಕುಡೀರಿ: ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ಮಾಡಿದ ಪದಾರ್ಥ ಹಾಕೋದು ಹಳೇ ಪದ್ಧತಿ. ಹಾಕದೇ ಇರುವವರೂ ಇದ್ದಾರೆ, ಅವರ ಬಿಯರ್ ಸ್ವಲ್ಪ ಮಬ್ಬಾಗಿರಬಹುದು.) ಇಲ್ಲಿನ ಚಳಿಯಲ್ಲಿ ದೋಸೆ ಹಿಟ್ಟು ಹುದುಗಲಿ ಅಂತ ಓವನ್ನಿನ ಲೈಟ್ ಹಾಕಿ ರಾತ್ರಿಯೆಲ್ಲ ಒಳಗಿಡುವ ನನಗೆ ಈ ಕಷ್ಟ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಿಟ್ಟಿಗಿರುವ ತೊಂದರೆಯೇ ಇದಕ್ಕೂ ಇದೆ. ಒಂದೊಂದು ಪೈಂಟ್ ಎಳೆದಾಗಲೂ ಅಷ್ಟು ಗಾಳಿ ಪೀಪಾಯಿಯೊಳಗೆ ಹೋಗುತ್ತೆ. ಮೂರು ದಿನ ಸರಿ, ಆಮೇಲೆ ರುಚಿ ಕೆಡುತ್ತಾ ಹುಳಿಗೆ ತಿರುಗುತ್ತೆ. ಫರ್ಕಿನ್ ಅನ್ನೋ ಸಣ್ಣ ಪೀಪಾಯಿಯಲ್ಲೇ 9 ಗ್ಯಾಲನ್, ಅಂದರೆ 72 ಪೈಂಟ್.

"ಇದನ್ನ ನಿನ್ನೆ ತೆರೆದೆ. ನಿನ್ನದು ಹತ್ತೊಂಬತ್ತನೇದು" ಅಂದರು ಒಡತಿ.

"ಮಿಕ್ಕಿದ್ದು?"

"ನಾಳೆ ರಾತ್ರಿ ಚರಂಡಿಗೆ. ಕೆಟ್ಟದ್ದನ್ನ ನಾನು ಮಾರಲ್ಲ."

ಮೊದಲು ಮೂರೂ ಪಂಪು ನಡೀತಿತ್ತಂತೆ. ಈಗ ವಾರದ ನಡುವೆ ಊರಿನವರು ಬರೋದು ಕಡಿಮೆ. ಗ್ಯಾಸಿನ ಒತ್ತಡದಲ್ಲಿರುವ ಕೆಗ್ ಬಿಯರಾದರೆ ವಾರಗಟ್ಟಲೆ ಕೆಡಲ್ಲ, ಲೆಕ್ಕಾಚಾರಕ್ಕೆ ಅದೇ ಸುಲಭ. "ಈಸ್ಟರ್ ತನಕ ನೋಡ್ತೀನಿ. ಆಮೇಲೆ ಇದನ್ನೂ ತಿರುಗಿಸಿಡೋದೇ" ಅಂದು ಫಲಕದ ಮೇಲೆ ಬೆರಳಾಡಿಸಿದರು. ಅಜ್ಜ ಏನೂ ಮಾತಾಡದೆ ಖಾಲಿ ಗ್ಲಾಸನ್ನ ಕೌಂಟರಿಗೆ ತಂದಿಟ್ಟ. ಇಪ್ಪತ್ತು. ನಾನು ಇನ್ನೊಂದು ಹೇಳಿದೆ. ಇಪ್ಪತ್ತೊಂದು.

ವಾಪಸ್ ಬರುವಾಗ ರೈಲಿನಲ್ಲಿ ಕೂತು ನಮ್ಮ ಕನ್ನಡ ಗುಂಪಿಗೆ ವಾಟ್ಸಾಪ್ ಮಾಡಿದೆ: ಮುಂದಿನ ಮಂಗಳವಾರ ಯಾರ್ಯಾರಿಗೆ ರಜಾ ಸಿಗುತ್ತೆ? ಶನಿವಾರ ಇಟ್ಕೊಳ್ಳೋ ಅಂತ ಐದಾರು ಜನ ಬೈದರು. ಶನಿವಾರಕ್ಕೆ ಆ ಪಬ್ಬಿಗೆ ನಾವು ಬೇಕಾಗಿಲ್ಲ. ಕೊನೆಗೆ ಮೂವರು ಒಪ್ಪಿದರು. ಅದರಲ್ಲೊಬ್ಬ ಕುಡಿಯಲ್ಲ, ಆದರೆ ಅವನ ಹತ್ತಿರ ಕಾರಿದೆ.