ಎಣ್ಣೆ ನೀರು ದಾಟೋದು ಹೇಗೆ?

ಹೋದ ವರ್ಷ ಅಪ್ಪ ಕಲಬುರಗಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ 18 ದಿನ ಇದ್ದರು. ಕಲ್ಚರ್ ರಿಪೋರ್ಟಿನಲ್ಲಿ ಅಸಿನೆಟೊಬ್ಯಾಕ್ಟರ್ ಅಂತ ಹೆಸರು. ಕೆಳಗೆ ಔಷಧಿಗಳ ಉದ್ದ ಪಟ್ಟಿ, ಹೆಚ್ಚುಕಮ್ಮಿ ಎಲ್ಲದರ ಮುಂದೆ 'ಆರ್'. ರೆಸಿಸ್ಟೆಂಟ್ ಅಂತೆ. ಉಳಿದಿದ್ದು ಕೊಲಿಸ್ಟಿನ್ ಒಂದೇ, ಅದೂ ಕಿಡ್ನಿಗೆ ಹೊಡೆತ ಕೊಡಬಹುದಾದ ಔಷಧಿ. ಸಹಿ ಮಾಡ್ರಿ ಅಂದ್ರು, ಮಾಡಿದೆ.

ಹೊರಗಿನ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಓದಿದ್ದನ್ನ ಇಲ್ಲಿ ಬರೀತಿದೀನಿ. (ಜೀವಶಾಸ್ತ್ರ ನನಗೆ ಪಿಯುಸಿಗೇ ಮುಗಿದಿತ್ತು. ಆಮೇಲೆ ಬರೀ ಕೋಡು..)

ಇಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆ. ಎರಡೂ ಕೊಬ್ಬಿನವು, ನಡುವೆ ನೀರಿನ ಜಾಗ. ಹೊರಪೊರೆಯ ಹೊರಮೈಗೆ ಲಿಪೋಪಾಲಿಸ್ಯಾಕರೈಡ್ ಅನ್ನೋ ಕೊಬ್ಬು-ಸಕ್ಕರೆಯ ಹೊದಿಕೆ. ಎಷ್ಟೋ ಔಷಧಿಗಳು ಅಲ್ಲೇ ನಿಂತುಬಿಡುತ್ತವೆ. ಕೊಲಿಸ್ಟಿನ್ ಮಾತ್ರ ನೇರವಾಗಿ ಆ ಹೊದಿಕೆಗೇ ಕೈ ಹಾಕುತ್ತದೆ. ಮಜಾ ಏನಂದ್ರೆ, ಈ ಹೊದಿಕೆಯ ಮಾಲು ತಯಾರಾಗೋದು ಒಳಪೊರೆಯಲ್ಲಿ. ಕೊಬ್ಬು ನೀರಲ್ಲಿ ಕರಗಲ್ಲ. ಮತ್ತೆ ಹೊರಗೆ ಹೋಗೋದು ಹೇಗೆ?

ಸೇತುವೆ ಮೇಲೆ! ಎಲ್‌ಪಿಟಿ-ಎ ಯಿಂದ ಜಿ ವರೆಗೆ ಏಳು ಬಗೆಯ ಪ್ರೋಟೀನುಗಳು ಸೇರಿ ನೀರಿನ ಮೇಲೆ ಒಂದು ಕಾಲುವೆ ಕಟ್ಟುತ್ತವೆ. ವಾಡಿ ಜಂಕ್ಷನ್‌ನಲ್ಲಿ ಗೂಡ್ಸ್ ಶಂಟಿಂಗ್ ನೋಡಿದವರಿಗೆ ಹೇಳೋದು ಸುಲಭ: ಎಂಜಿನ್ ಹಿಂದೆ ಇರುತ್ತೆ, ಬೋಗಿ ಬೋಗಿಯನ್ನ ತಳ್ಳುತ್ತೆ. ಇಲ್ಲೂ ಹಾಗೇ. ಒಳಪೊರೆಯಲ್ಲಿರುವ ಎಂಜಿನ್ ಎಟಿಪಿ ಸುಡುತ್ತದೆ, ಹಿಂದಿನ ಕಣ ಮುಂದಿನದನ್ನ ನೂಕುತ್ತಾ ಹೊರಗೆ ಮುಟ್ಟಿಸುತ್ತದೆ.

ಮಾಮೂಲಿ ಫಾಸ್ಫೋಲಿಪಿಡ್‌ಗಳ ದಾರಿ ಮಾತ್ರ ಬಹಳ ವರ್ಷ ಸಿಕ್ಕಿರಲಿಲ್ಲ. ಇ. ಕೋಲಿಯಲ್ಲಿ ಟ್ಯಾಮ್‌ಬಿ, ವೈಎಚ್‌ಡಿಪಿ, ವೈಡಿಬಿಎಚ್ ಅನ್ನೋ ಮೂರು ಉದ್ದನೆಯ ಪ್ರೋಟೀನುಗಳು ಆ ಕೆಲಸ ಮಾಡುತ್ತವೆ ಅಂತ 2021-22ರ ಹೊತ್ತಿಗೆ ಗೊತ್ತಾಯ್ತು. ಒಂದೊಂದನ್ನೇ ತೆಗೆದ್ರೆ ಬ್ಯಾಕ್ಟೀರಿಯಾ ಬದುಕಿರುತ್ತೆ. ಮೂರನ್ನೂ ತೆಗೆದ್ರೆ ಸಾಯುತ್ತೆ. ಅದಕ್ಕೇ ಇಷ್ಟು ದಿನ ಸಿಕ್ಕಿಬಿದ್ದಿರಲಿಲ್ಲ. ಒಂದು ಸರ್ವರ್ ಬಿದ್ರೂ ಸೈಟ್ ನಡೀತಾ ಇದ್ರೆ ಯಾರಿಗೆ ಗೊತ್ತಾಗುತ್ತೆ ಹೇಳಿ? ನಮ್ಮ ಆರ್ಕಿಟೆಕ್ಟ್‌ಗಳಿಗಿಂತ ಇವೇ ವಾಸಿ :)

2024ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಝೋಸುರಾಬಾಲ್ಪಿನ್ ಅನ್ನೋ ಹೊಸ ಔಷಧಿಯ ಸುದ್ದಿ ಬಂದಿತ್ತು. ಅದು ಅಸಿನೆಟೊಬ್ಯಾಕ್ಟರಿನ ಈ ಎಂಜಿನ್ನಿಗೇ ಅಡ್ಡ ಬೀಳುತ್ತೆ. ಮಾಲು ಒಳಗೇ ಸಿಕ್ಕಿಕೊಂಡು ಬ್ಯಾಕ್ಟೀರಿಯಾ ಸಾಯುತ್ತೆ. ಮೂರು ಸಲ ಓದಿದೆ. ಆದರೆ ಅಂಗಡಿಯಲ್ಲಿ ಸಿಗೋ ಔಷಧಿ ಅಲ್ಲವಲ್ಲ, ಇನ್ನೂ ಮನುಷ್ಯರ ಮೇಲೆ ಪರೀಕ್ಷೆ ನಡೆಯೋ ಹಂತದ್ದು. ಫೋನ್ ಜೇಬಿಗಿಟ್ಟೆ.

ಅಪ್ಪ ಮನೆಗೆ ಬಂದರು. ಕಿಡ್ನಿ ಮೊದಲಿನಂತಿಲ್ಲ. ಸೇಡಂ, ಚಿಂಚೋಳಿ ಕಡೆ ಮಳೆಗಾಲ ಅಂದ್ರೆ ತೊಗರಿ, ಹಾಗಾಗಿ ಜೂನ್ ಬಂದದ್ದೇ ಬೀಜೋಪಚಾರಕ್ಕೆ ಕೂತರು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಬೀಜ ಹರವಿ, ಬೆಲ್ಲದ ಪಾಕ ಚಿಮುಕಿಸಿ, ರೈಜೋಬಿಯಂ ಪುಡಿ ಕಲಸೋದು. ಅದೂ ಬ್ಯಾಕ್ಟೀರಿಯಾನೇ. ತೊಗರಿ ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕವನ್ನ ಗಿಡಕ್ಕೆ ಒದಗಿಸುತ್ತೆ.

"ಇವೂ ಆ ದವಾಖಾನಿ ಹುಳಾನೇ ಏನೋ?" ಅಂದರು.

"ಆ ಹುಳ ಅಲ್ಲಪ್ಪ. ಆದ್ರ ಗ್ವಾಡಿ ಇವಕ್ಕೂ ಎರಡು."

"ಇವುಕ್ಕ ಗಟ್ಟಿ ಇರ್ಲಿ ಬಿಡು. ಬೀಜ ನೆಳ್ಳಾಗ ಒಣಗಿಸು, ಬಿಸಲಿಗಿ ಇಡಬ್ಯಾಡ."

ನೆರಳಿಗೆ ಎಳೆದೆ. ಸೋಮವಾರ ಮತ್ತೆ ಕ್ರಿಯಾಟಿನಿನ್ ಟೆಸ್ಟ್ ಇತ್ತು.